ಲೇಸರ್ ಶೋಧಕದ ಬಳಕೆ ಮತ್ತು ಪಾಲನೆ: ಹುಲಕೋಟಿಯ ಎರೆನೆಲವನ್ನು ಕುರಿತು ಕೆಲವು ವಿಚಾರಗಳು

ಗದಗಿನಿಂದ ಪಶ್ಚಿಮಕ್ಕೆ, ಹುಬ್ಬಳ್ಳಿಯ ಹಾದಿಯಲ್ಲಿ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಹುಲಕೋಟಿಯು ಸಹಕಾರ ಚಳವಳಿಯ ಇತಿಹಾಸವನ್ನು ಬಲ್ಲವರಿಗೆ ಅಪರಿಚಿತವಾದ ಗ್ರಾಮವಲ್ಲ. ಅದರ ಸುತ್ತಲಿನ ನೆಲವು ಎರೆಮಣ್ಣಿನದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಈ ಮಣ್ಣು ಹತ್ತಿಗೂ ಜೋಳಕ್ಕೂ ಎಷ್ಟು ಹಿತವೋ ಕಟ್ಟಡದ ತಳಹದಿಗೆ ಅಷ್ಟೇ ಅಹಿತವಾದದ್ದು. ಕಟ್ಟಿ ಕೆಲವು ವರ್ಷಗಳಾದ ಮನೆಯ ನೆಲವು ಒಂದು ಮಗ್ಗುಲಿಗೆ ಇಳಿದರೆ, ಗೌಂಡಿಯು ಮಟ್ಟ ತಪ್ಪಿಸಿದನೋ, ಮಣ್ಣೇ ಆಮೇಲೆ ಸರಿಯಿತೋ ಎಂಬ ಪ್ರಶ್ನೆ ಏಳುತ್ತದೆ. ಕಟ್ಟಿದ ಕಾಲದ ಮಟ್ಟವನ್ನು ಯಾರೂ ಬರೆದಿಟ್ಟಿರುವುದಿಲ್ಲವಾಗಿ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಅಪವಾದವು ಮಾತ್ರ ಗೌಂಡಿಯ ತಲೆಗೆ ಬರುತ್ತದೆ. ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಆಧಾರವೊಂದು ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ವಿಚಾರವೇ ನಮ್ಮ ಶಾಸ್ತ್ರದ ಬುಡವಾದುದರಿಂದ, ಈ ಪ್ರಶ್ನೆಯು ನಮಗೂ ಸಂಬಂಧಿಸಿದ್ದೆಂದು ಭಾವಿಸುತ್ತೇನೆ.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಅಧಿಷ್ಠಾನವನ್ನು ಇಂದು ಎಷ್ಟೇ ಸೂಕ್ಷ್ಮವಾಗಿ ಅಳೆದರೂ ದೊರೆಯುವುದು ಇಂದಿನ ಮಟ್ಟವೇ ಹೊರತು ಶಿಲ್ಪಿಯು ಇಟ್ಟ ಮಟ್ಟವಲ್ಲ. ಮಟ್ಟವನ್ನು ದಾಖಲೆಮಾಡುವ ಪದ್ಧತಿ ನಮ್ಮಲ್ಲಿ ವ್ಯವಸ್ಥಿತವಾಗಿ ಬಂದದ್ದು ಬಹಳ ಈಚೆಗೆ. ಭಾರತದ ಸರ್ವೇಕ್ಷಣ ಇಲಾಖೆಯು 1858ರಲ್ಲಿ ತೊಡಗಿದ ಮಟ್ಟಮಾಪನವನ್ನು 1909ರಲ್ಲಿ ಒಟ್ಟಾಗಿ ಹೊಂದಿಸಿದಾಗ ಒಂಬತ್ತು ರೇವುಗಳ ಸರಾಸರಿ ಸಮುದ್ರಮಟ್ಟವನ್ನು ಆಧಾರವಾಗಿ ಹಿಡಿಯಲಾಯಿತು; ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಮುಂದೆ 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯ ಮೇರೆಗೆ ಅಂದಿನ ಧಾರವಾಡ, ವಿಜಾಪುರ ಜಿಲ್ಲೆಗಳ ಹೊಲಗಳಲ್ಲಿ ಸಮಮಟ್ಟದ ಒಡ್ಡುಗಳನ್ನು ಹಾಕುವಾಗ ಮಟ್ಟಮಾಪನವು ರೈತನ ಹೊಲದವರೆಗೂ ಬಂದಿತು. ಒಡ್ಡಿನ ಮಟ್ಟವು ಒಂದೆಡೆ ತಗ್ಗಿದರೆ ಹೊಲದ ನೀರೆಲ್ಲ ಅಲ್ಲಿಗೇ ಕೂಡಿ ಒಡ್ಡನ್ನು ಒಡೆಯುವುದರಿಂದ, ತಪ್ಪು ಮೊದಲ ದೊಡ್ಡ ಮಳೆಗೇ ಬಯಲಾಗುತ್ತಿತ್ತು. ಕಟ್ಟಡದ ತಪ್ಪು ಹಾಗೆ ಬೇಗ ಬಯಲಾಗುವುದಿಲ್ಲ.

ಗೌಂಡಿಯ ಕೈಯಲ್ಲಿರುವ ರಸಮಟ್ಟದ ಗುಳ್ಳೆಯ ತತ್ತ್ವವನ್ನು ಫ್ರಾನ್ಸಿನ ತೆವನೋ ಎಂಬ ವಿದ್ವಾಂಸನು 1661ರ ಸುಮಾರಿಗೆ ಕಂಡುಹಿಡಿದನು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಮೂಲೆಗಳ ಮಟ್ಟವನ್ನು ಹೋಲಿಸುವ ಕ್ರಮವಾದರೋ ಇಂದಿಗೂ ಹಳ್ಳಿಗಳಲ್ಲಿ ನಡೆದಿದೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿರದಿದ್ದರೆ ಅದನ್ನು ಹೀನವೆಂದು ತಿಳಿಯಲು ಕಾರಣವಿಲ್ಲ. 1960ರಲ್ಲಿ ಅಮೆರಿಕದ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ ತರುವಾಯ, 1962ರಲ್ಲಿ ಅರೆವಾಹಕ ಲೇಸರ್ ಸಿದ್ಧಿಸಿತು. ಇಂದು ಮುಕ್ಕಾಲಿಯ ಮೇಲೆ ನಿಂತು ಸುತ್ತುವ ಲೇಸರ್ ಯಂತ್ರದಲ್ಲಿರುವುದು ಈ ಎರಡನೆಯ ಬಗೆಯದು. ಅದು ನಿಮಿಷಕ್ಕೆ ಹಲವು ನೂರು ಸಲ ಕಿರಣವನ್ನು ಸುತ್ತಿಸಿ ಗಾಳಿಯಲ್ಲಿ ಒಂದು ಸಮತಲವನ್ನು ಬರೆಯುತ್ತದೆ. ಹಗಲ ಬಿಸಿಲಿನಲ್ಲಿ ಆ ಕಿರಣ ಕಣ್ಣಿಗೆ ಕಾಣುವುದಿಲ್ಲ. ಕಣ್ಣಿನ ಬದಲು ಅದನ್ನು ಕಾಣುವ ಉಪಕರಣವೇ ಪ್ರಸ್ತುತ ಲೇಖನದ ವಿಷಯವಾದ ಶೋಧಕ. ಕೆಲಸಗಾರರು ಇದನ್ನು ರಿಸೀವರ್ ಎಂದೇ ಕರೆಯುತ್ತಾರೆ.

ಶೋಧಕದ ಕಿಟಕಿಯ ಹಿಂದೆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಕಣಗಳು ಮೇಲಿನಿಂದ ಕೆಳಕ್ಕೆ ಜೋಡಿಸಲ್ಪಟ್ಟಿರುತ್ತವೆ. ಕಿರಣವು ಹಾಯ್ದಾಗ ಮೇಲಿನ ಅರ್ಧದ ಮತ್ತು ಕೆಳಗಿನ ಅರ್ಧದ ವಿದ್ಯುತ್ತನ್ನು ಅದು ಹೋಲಿಸಿ, ಶೋಧಕವನ್ನು ಏರಿಸಬೇಕೋ ಇಳಿಸಬೇಕೋ ಎಂಬುದನ್ನು ಬಾಣದ ಗುರುತಿನಿಂದ ತೋರಿಸುತ್ತದೆ. ಎರಡೂ ಸಮವಾದಾಗ ಎಡೆಬಿಡದ ಸದ್ದನ್ನು ಮಾಡುತ್ತದೆ. ಬಿಸಿಲಿನ ನಡುವೆ ಲೇಸರನ್ನು ಅದು ಹೆಕ್ಕುವುದು ಬಣ್ಣದ ಸೋಸುಗಾಜಿನಿಂದಲೂ ಕಿರಣವು ಕ್ಷಣಮಾತ್ರ ಮಿಂಚಿ ಹೋಗುವ ಲಕ್ಷಣದಿಂದಲೂ. ಆದ್ದರಿಂದಲೇ ಕೆಂಪು ಕಿರಣಕ್ಕಾಗಿ ಮಾಡಿದ ಶೋಧಕವು ಹಸಿರು ಕಿರಣವನ್ನು ಕಾಣದಿರಬಹುದು. ಗೋಡೆಯ ಮೇಲೆ ಗೆರೆ ಎಳೆಯುವ ಸಣ್ಣ ಲೇಸರಿನೊಡನೆ ಬಳಸುವಾಗಲಾದರೂ, ಆ ಲೇಸರಿನಲ್ಲಿ ಮಿಡಿತದ ವ್ಯವಸ್ಥೆ ಇರತಕ್ಕದ್ದು.

ಬಳಕೆಯ ಕ್ರಮವು ಸರಳವಾದದ್ದು. ಆಧಾರಬಿಂದುವಿನ ಮಟ್ಟ 100.000 ಮೀಟರೆಂದು ಹಿಡಿಯೋಣ. ಅಲ್ಲಿ ಅಳತೆಗೋಲನ್ನು ನೆಟ್ಟಗೆ ನಿಲ್ಲಿಸಿ ಶೋಧಕವು ಸಮವೆಂದು ಸಾರಿದಾಗ ಗೋಲು 1.425 ಮೀಟರು ತೋರಿಸಿದರೆ, ಕಿರಣದ ಮಟ್ಟ 101.425. ಅಡಿಪಾಯದ ಮೇಲಿನ ಕಟ್ಟೆಯು 100.600ಕ್ಕೆ ಬರಬೇಕಾದರೆ ಅಲ್ಲಿ ಗೋಲಿನ ಓದು 0.825 ಇರಬೇಕು. ಓದುವಾಗ ಶೋಧಕದ ನಡುಗೆರೆಗೆ ಸರಿಯಾದ ಅಂಚನ್ನೇ ಓದಬೇಕು. ಹಿಡಿಕೆಯ ಬೇರೊಂದು ಅಂಚನ್ನು ಓದಿದರೆ ಪ್ರತಿಯೊಂದು ಓದಿನಲ್ಲಿಯೂ ಒಂದೇ ತಪ್ಪು ಸೇರುತ್ತದೆ. ಎಲ್ಲ ಓದುಗಳನ್ನೂ ಹಾಗೆಯೇ ತೆಗೆದರೆ ತಪ್ಪು ತಾನಾಗಿ ಕಳೆದುಹೋಗುವುದು ನಿಜ. ಆದರೆ ನಡುವೆ ಒಬ್ಬನಿಂದ ಇನ್ನೊಬ್ಬನ ಕೈಗೆ ಗೋಲು ಹೋದಾಗ ಅದು ಉಳಿದುಬಿಡುತ್ತದೆ. ಗೋಲು ವಾಲಬಾರದು: 2 ಮೀಟರು ಎತ್ತರದಲ್ಲಿ 3 ಅಂಶದಷ್ಟು ವಾಲಿದರೂ ಓದಿನಲ್ಲಿ ಸುಮಾರು 2.7 ಮಿಲಿಮೀಟರು ಹೆಚ್ಚುತ್ತದೆ.

ಇನ್ನು ಪರೀಕ್ಷೆಯ ವಿಚಾರ. ಸಾಕ್ಷಿಯನ್ನು ಎರಡು ಸಲ, ಎರಡು ಬಗೆಯಾಗಿ ಪ್ರಶ್ನಿಸಬೇಕೆಂಬುದು ಇತಿಹಾಸಕಾರನ ರೂಢಿ. ರಸಮಟ್ಟವನ್ನು ತುದಿ ಬದಲಿಸಿ ಇಟ್ಟು ನೋಡುವ ಗೌಂಡಿಯ ರೂಢಿಯೂ ಅದೇ. ಲೇಸರ್ ಯಂತ್ರವನ್ನು ಗೋಡೆಯಿಂದ 30 ಮೀಟರು ದೂರದಲ್ಲಿ ನಿಲ್ಲಿಸಿ, ಶೋಧಕದಿಂದ ಗೋಡೆಯ ಮೇಲೆ ಗುರುತು ಮಾಡಿ, ಯಂತ್ರವನ್ನು ಅದೇ ಸ್ಥಳದಲ್ಲಿ ಅರ್ಧ ಸುತ್ತು ತಿರುಗಿಸಿ ಪುನಃ ಗುರುತು ಮಾಡಬೇಕು. ಎರಡು ಗುರುತುಗಳ ಅಂತರ 6 ಮಿಲಿಮೀಟರಾದರೆ ಆ ದಿಕ್ಕಿನಲ್ಲಿ ಯಂತ್ರದ ದೋಷ ಅದರ ಅರ್ಧ, ಎಂದರೆ 3 ಮಿಲಿಮೀಟರು. ಯಂತ್ರವನ್ನು ಕಾಲು ಸುತ್ತು ತಿರುಗಿಸಿ ಅಡ್ಡ ದಿಕ್ಕಿನಲ್ಲಿಯೂ ಹೀಗೆಯೇ ನೋಡತಕ್ಕದ್ದು. ಶೋಧಕವನ್ನು ಪರೀಕ್ಷಿಸಲು ಯಂತ್ರವನ್ನು ಅಲುಗಿಸದೆ, ಅದೇ ಕಿರಣದಲ್ಲಿ ಶೋಧಕವನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಹಿಡಿದು ನಡುಗೆರೆಯನ್ನು ಗುರುತಿಸಿದರಾಯಿತು. ಅಂತರದ ಅರ್ಧವು ಶೋಧಕದ್ದೇ ದೋಷ. ಕೆಲಸದ ಸ್ಥಳದಲ್ಲಿ ಯಂತ್ರದ ಮೇಲೆ ಮಾತ್ರ ಅನುಮಾನಪಟ್ಟು ಶೋಧಕವನ್ನು ಬಿಟ್ಟುಬಿಡುವುದು ಸಾಮಾನ್ಯ. ಇದು ತಪ್ಪು ಕ್ರಮ.

ಭೂಮಿಯ ಗುಂಡುತನದಿಂದ ಬರುವ ವ್ಯತ್ಯಾಸ 100 ಮೀಟರಿಗೆ 0.8 ಮಿಲಿಮೀಟರಷ್ಟೇ ಆಗಿದ್ದು ಮನೆಯ ಕೆಲಸದಲ್ಲಿ ಗಣನೆಗೆ ಬಾರದು; 300 ಮೀಟರಿಗೆ ಅದು 7 ಮಿಲಿಮೀಟರಾಗುತ್ತದೆ. ಹುಲಕೋಟಿಯ ಕಡೆ ಇದಕ್ಕಿಂತ ದೊಡ್ಡ ಶತ್ರುಗಳು ಗಾಳಿ ಮತ್ತು ಮಣ್ಣು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ ಸೀಮೆಯಲ್ಲಿ ಮುಕ್ಕಾಲಿ ನಡುಗುವುದು ಆಶ್ಚರ್ಯವಲ್ಲ; ಕಾಲುಗಳನ್ನು ಅಗಲಿಸಿ ತಗ್ಗಾಗಿ ನಿಲ್ಲಿಸುವುದು ಲೇಸು. ಎರೆಯಲ್ಲಿ ಹುಗಿದ ಗೂಟವನ್ನು ಆಧಾರಬಿಂದುವಾಗಿ ಎಂದೂ ಹಿಡಿಯಬಾರದು, ಏಕೆಂದರೆ ಒಂದು ಮಳೆಗೆ ಅದು ಮೇಲೇಳುತ್ತದೆ. ಬಹುಕಾಲದಿಂದ ಕದಲದೆ ನಿಂತ ಕಲ್ಲುಕಟ್ಟಡದ ಮೆಟ್ಟಿಲು ಅದಕ್ಕಿಂತ ಮೇಲು. ಗಾಜಿನ ಕಿಟಕಿ, ತಗಡು, ನಿಂತ ನೀರು ಇವುಗಳಿಂದ ಮರಳಿದ ಕಿರಣವೂ, ಕೆಲವು ಮಿನುಗುದೀಪಗಳೂ ಶೋಧಕವನ್ನು ಮೋಸಗೊಳಿಸುವುದುಂಟು. ಸದ್ದು ಎರಡು ಎತ್ತರಗಳಲ್ಲಿ ಕೇಳಿಬಂದರೆ ಒಂದು ಸುಳ್ಳೆಂದು ತಿಳಿಯಬೇಕು. ಕಿರಣವನ್ನು ಕಣ್ಣಿನ ಎತ್ತರದಲ್ಲಿ ಹಾಯಿಸಬಾರದು, ದೂರದರ್ಶಕದ ಮೂಲಕ ಅದನ್ನು ನೋಡಲೇಬಾರದು.

ಪಾಲನೆಯಲ್ಲಿ ಹೆಚ್ಚಿನದೇನೂ ಇಲ್ಲ. ಕಿಟಕಿಯ ಮೇಲೆ ಸಿಡಿದ ಸಿಮೆಂಟನ್ನು ಗಟ್ಟಿಯಾಗುವ ಮೊದಲೇ ಒದ್ದೆಯ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಒಣಗಿದ ಮೇಲೆ ಕೆರೆದು ತೆಗೆದರೆ ಗೀರು ಉಳಿಯುತ್ತದೆ. ಪೆಟ್ರೋಲು, ಥಿನ್ನರು ತಾಗಿಸಬಾರದು. ಒದ್ದೆಯಾದ ಉಪಕರಣವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಮೊದಲು ನೆರಳಿನಲ್ಲಿ ಆರಿಸಬೇಕು. ಬೇಸಗೆಯಲ್ಲಿ ಬಾಗಿಲು ಹಾಕಿದ ವಾಹನದೊಳಗೆ ಬಿಡಬಾರದು. ಕೆಲಸ ಕೆಲವು ವಾರ ನಿಂತಿರುವಾಗ ಬ್ಯಾಟರಿಗಳನ್ನು ತೆಗೆದಿಡದಿದ್ದರೆ ಅವು ಒಸರಿ ಒಳಗಿನ ತಗಡನ್ನು ತಿನ್ನುತ್ತವೆ. ಬಿದ್ದ ಶೋಧಕವನ್ನು, ಹೊರಗೆ ಏನೂ ಕಾಣಿಸದಿದ್ದರೂ, ಮೇಲೆ ಹೇಳಿದಂತೆ ತಲೆಕೆಳಗಾಗಿಸಿ ಪರೀಕ್ಷಿಸದೆ ಪುನಃ ಬಳಸಬಾರದು.

ಶೋಧಕದ ಸದ್ದು ಕೇಳಿದ ಕೂಡಲೇ ಅಳಿದುಹೋಗುತ್ತದೆ, ಬರೆದದ್ದು ಮಾತ್ರ ಉಳಿಯುತ್ತದೆ. ಆದುದರಿಂದ ಸಾಮಾನ್ಯವಾದೊಂದು ನೋಟುಪುಸ್ತಕದಲ್ಲಿ ತಾರೀಖು, ಆಧಾರಬಿಂದು ಯಾವುದೆಂಬ ವಿವರ, ಯಂತ್ರದ ಮತ್ತು ಶೋಧಕದ ಕಡೆಯ ಪರೀಕ್ಷೆಯ ದಿನ, ನಾಲ್ಕು ಮೂಲೆಗಳ ಮತ್ತು ನಡುನೆಲದ ಓದುಗಳು, ಸಂಜೆ ಕೆಲಸ ಮುಗಿಸುವಾಗ ಆಧಾರಬಿಂದುವಿನ ಮೇಲೆ ಪುನಃ ತೆಗೆದ ಓದು, ಇವಿಷ್ಟನ್ನು ಬರೆದು ಮನೆಯ ಯಜಮಾನನೂ ಗೌಂಡಿಯೂ ರುಜುಹಾಕಿ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಮುಂದೊಂದು ದಿನ ನೆಲ ಇಳಿದಾಗ ಅದೇ ಮೆಟ್ಟಿಲಿನಿಂದ ಅದೇ ಮೂಲೆಗಳನ್ನು ಅಳೆದರೆ, ಇಳಿದದ್ದು ಯಾವ ಮೂಲೆ, ಎಷ್ಟು ಎಂಬುದು ಮಿಲಿಮೀಟರಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.