ಕ್ರೂಸ್ ಹಡಗು ಆರಿಸುವ ಮುನ್ನ ಆರೋಗ್ಯದ ಲೆಕ್ಕವನ್ನೂ ನೋಡಿ

ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಕ್ರೂಸ್ ಹಡಗು ಹೊಸ ಮಾತಲ್ಲ. ಮಂಗಳೂರು, ಉಡುಪಿ, ಗೋವಾ ಕಡೆಯ ಅನೇಕ ಯುವಕರು ಆ ಹಡಗುಗಳ ಅಡುಗೆಮನೆಯಲ್ಲಿ, ಊಟದ ಹಾಲ್‌ನಲ್ಲಿ ದುಡಿಯುತ್ತಿದ್ದಾರೆ. ಈಗ ಪ್ರಯಾಣಿಕರಾಗಿ ಹೋಗುವವರೂ ಇದ್ದಾರೆ. ಅಮೆರಿಕದಲ್ಲಿ ನೆಲೆಸಿರುವ ಮಗನೋ ಮಗಳೋ ತಂದೆತಾಯಿಯನ್ನು ಕರೆಸಿಕೊಳ್ಳುತ್ತಾರೆ. ಡಿಸೆಂಬರ್‌ನಲ್ಲಿ ಮೊಮ್ಮಕ್ಕಳ ಶಾಲೆಗೆ ರಜೆ. ಹೊರಗೆ ಕೊರೆಯುವ ಚಳಿ. “ಉಮ್ಮ, ಮಯಾಮಿಯಿಂದ ಹಡಗು ಹತ್ತಿ ಒಂದು ವಾರ ಕೆರಿಬಿಯನ್ ದ್ವೀಪಗಳನ್ನು ಸುತ್ತಿ ಬರೋಣ, ಅಲ್ಲಿ ಬಿಸಿಲಿದೆ” ಎನ್ನುತ್ತಾರೆ.

ಒಳ್ಳೆಯ ಯೋಚನೆಯೇ. ಆದರೆ ಯಾವ ಹಡಗು ಎಂಬ ಪ್ರಶ್ನೆ ಬಂದಾಗ ಹೆಚ್ಚಿನವರು ನೋಡುವುದು ಟಿಕೆಟ್ ದರ, ಈಜುಕೊಳ, ಜಾರುಬಂಡಿಗಳ ಚಿತ್ರ. ಮಧುಮೇಹವಿರುವ ತಾಯಿ, ಹೃದಯದ ಮಾತ್ರೆ ನುಂಗುವ ತಂದೆ, ಪುಟ್ಟ ಮಗು ಜೊತೆಗಿರುವ ಕುಟುಂಬ ಮೊದಲು ನೋಡಬೇಕಾದದ್ದು ಬೇರೆ ಇದೆ. ಆ ಹಡಗು ಎಷ್ಟು ಶುಚಿಯಾಗಿದೆ? ನಿಮ್ಮ ತಟ್ಟೆಗೆ ಏನು ಬೀಳುತ್ತದೆ? ನಡುಗಡಲಿನಲ್ಲಿ ಆರೋಗ್ಯ ಕೆಟ್ಟರೆ ಏನು ಗತಿ?

ಕಂಪೆನಿಯ ಹೆಸರಲ್ಲ, ಹಡಗಿನ ಅಂಕ ನೋಡಿ

ದೊಡ್ಡ ಕ್ರೂಸ್ ಹಡಗೆಂದರೆ ತೇಲುವ ಪುಟ್ಟ ಪಟ್ಟಣ. 2024ರ ಜನವರಿಯಲ್ಲಿ ಮಯಾಮಿಯಿಂದ ಸಂಚಾರ ಆರಂಭಿಸಿದ ರಾಯಲ್ ಕೆರಿಬಿಯನ್ ಕಂಪೆನಿಯ ‘ಐಕಾನ್ ಆಫ್ ದಿ ಸೀಸ್’ನಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಸುತ್ತಾರೆ. ಅಷ್ಟು ಜನ ಒಂದೇ ಕೈಪಿಡಿ ಹಿಡಿದು ಮೆಟ್ಟಿಲು ಹತ್ತುತ್ತಾರೆ, ಒಂದೇ ಸೌಟಿನಿಂದ ಬಡಿಸಿಕೊಳ್ಳುತ್ತಾರೆ. ಒಬ್ಬರಿಗೆ ಅಂಟಿದ ವಾಂತಿಭೇದಿ ನೂರು ಮಂದಿಗೆ ಹರಡಲು ಹೆಚ್ಚು ಹೊತ್ತು ಬೇಕಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 1970ರ ದಶಕದಿಂದ ‘ವೆಸೆಲ್ ಸ್ಯಾನಿಟೇಶನ್ ಪ್ರೋಗ್ರಾಂ’ ಎಂಬ ಹಡಗು ನೈರ್ಮಲ್ಯ ಕಾರ್ಯಕ್ರಮವನ್ನು ನಡೆಸುತ್ತಿದೆ. ಅಮೆರಿಕದ ಬಂದರಿಗೆ ಬರುವ ಕ್ರೂಸ್ ಹಡಗುಗಳನ್ನು ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡುವುದು ಇದರ ಪದ್ಧತಿ. ಕುಡಿಯುವ ನೀರು, ಅಡುಗೆಮನೆ, ಈಜುಕೊಳ, ಮಕ್ಕಳ ಆಟದ ಕೋಣೆ, ಚಿಕಿತ್ಸಾ ಕೊಠಡಿ ಎಲ್ಲವನ್ನೂ ನೋಡಿ 100ಕ್ಕೆ ಅಂಕ ಕೊಡುತ್ತಾರೆ. 86 ಅಥವಾ ಹೆಚ್ಚು ಬಂದರೆ ಪಾಸು, 85 ಅಥವಾ ಕಡಿಮೆಯಾದರೆ ಫೇಲು. ಹಡಗಿನ ಹೆಸರು, ತಪಾಸಣೆಯ ದಿನಾಂಕ, ಕಂಡುಬಂದ ದೋಷಗಳ ಪಟ್ಟಿ ಸಿಡಿಸಿಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು.

ಒಂದೇ ಕಂಪೆನಿಯ ಎರಡು ಹಡಗುಗಳ ಅಂಕ ಬೇರೆ ಬೇರೆ ಇರುತ್ತದೆ. ಆದ್ದರಿಂದ ನೀವು ಹತ್ತಲಿರುವ ಹಡಗಿನ ಹೆಸರನ್ನೇ ಹುಡುಕಿ ನೋಡಿ. ಅಂಕದ ಜೊತೆಗೆ ದೋಷಗಳ ಪಟ್ಟಿಯನ್ನೂ ಓದಿ. ಒಡೆದ ಟೈಲ್ಸ್‌ಗೆ ಕಳೆದ ಅಂಕಕ್ಕೂ ಆಹಾರವನ್ನು ಸರಿಯಾದ ತಣ್ಪಿನಲ್ಲಿ ಇಡದ್ದಕ್ಕೆ ಕಳೆದ ಅಂಕಕ್ಕೂ ಬಹಳ ವ್ಯತ್ಯಾಸವಿದೆ. ಹಾಗೆಯೇ 100 ಅಂಕ ಬಂದ ಹಡಗಿನಲ್ಲೂ ರೋಗ ಹರಡಬಹುದು. ಏಕೆಂದರೆ ಅದನ್ನು ಹಡಗಿಗೆ ಹೆಚ್ಚಾಗಿ ತರುವವರು ಪ್ರಯಾಣಿಕರೇ.

ಚಳಿಗಾಲದ ಅತಿಥಿ ನೊರೊವೈರಸ್

ಅಮೆರಿಕದಲ್ಲಿ ನೊರೊವೈರಸ್ ಹಾವಳಿ ಹೆಚ್ಚಾಗಿರುವುದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಕೆರಿಬಿಯನ್ ಕ್ರೂಸ್‌ಗೂ ಅದೇ ಸುಗ್ಗಿಕಾಲ. ಸೋಂಕು ತಗಲಿದ 12ರಿಂದ 48 ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗುತ್ತದೆ. ಒಂದರಿಂದ ಮೂರು ದಿನಗಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ವೃದ್ಧರಿಗೆ, ಹಸುಳೆಗಳಿಗೆ, ಮಧುಮೇಹಿಗಳಿಗೆ ದೇಹದ ನೀರು ಇಂಗಿ ಅಪಾಯವಾಗಬಹುದು. ಹಡಗಿನ ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ನೂರಕ್ಕೆ ಮೂವರು ವಾಂತಿಭೇದಿಯಿಂದ ಬಳಲಿದ ವರದಿಯಾದರೆ ಸಿಡಿಸಿ ಆ ಹಡಗಿನ ಹೆಸರನ್ನು ಪ್ರಕಟಿಸುತ್ತದೆ. ಬುಕ್ ಮಾಡುವ ಮುನ್ನ ಆ ಪಟ್ಟಿಯ ಮೇಲೂ ಒಮ್ಮೆ ಕಣ್ಣಾಡಿಸಿ.

ಇಲ್ಲಿ ಹಲವರು ಮಾಡುವ ತಪ್ಪೊಂದಿದೆ. ಊಟದ ಹಾಲ್‌ನ ಬಾಗಿಲಲ್ಲಿಟ್ಟಿರುವ ಸ್ಯಾನಿಟೈಸರ್ ಸವರಿಕೊಂಡರೆ ಸಾಕೆಂದು ತಿಳಿಯುತ್ತಾರೆ. ನೊರೊವೈರಸ್ ವಿರುದ್ಧ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡದು. ಸಾಬೂನು ಹಚ್ಚಿ 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುವುದೇ ಮದ್ದು. ದಿನಕ್ಕೆ ಐದು ಹೊತ್ತು ವುಝೂ ಮಾಡುವ ನಮಗೆ ಕೈ ತೊಳೆಯುವುದು ರೂಢಿಯಲ್ಲಿದೆ, ಆದರೆ ವುಝೂವಿನಲ್ಲಿ ಸಾಬೂನು ಬಳಸುವುದಿಲ್ಲ. ಹಾಗಾಗಿ ಶೌಚಾಲಯದಿಂದ ಬಂದ ಮೇಲೆ, ಊಟಕ್ಕೆ ಮುನ್ನ ಸಾಬೂನಿನಿಂದಲೇ ತೊಳೆಯಿರಿ. ಬಾಯಿ, ಮೂಗಿಗೆ ನೀರು ಹಾಕುವ ಮೊದಲು ಕೈ ಶುದ್ಧವಾಗಿರಲಿ. ಸಾರ್ವಜನಿಕ ಶೌಚಾಲಯಕ್ಕಿಂತ ನಿಮ್ಮ ಕೋಣೆಯಲ್ಲೇ ವುಝೂ ಮಾಡುವುದು ಕ್ಷೇಮ. ಹಡಗಿನ ನಲ್ಲಿ ನೀರು ಶುದ್ಧೀಕರಿಸಿ ಕ್ಲೋರಿನ್ ಬೆರೆಸಿದ್ದು, ಅದರ ಬಗ್ಗೆ ಅಂಜಿಕೆ ಬೇಡ.

ಬೀಚ್‌ಗೆ ಹೋಗಿ ಬಂದ ಮೇಲೂ ಕೈ ತೊಳೆಯಿರಿ. ಶೌಚಾಲಯದ ಅಭ್ಯಾಸವಾಗದ ಮಕ್ಕಳನ್ನು ಹಡಗಿನ ಈಜುಕೊಳಕ್ಕೆ ಬಿಡುವುದಿಲ್ಲ. ಡಯಾಪರ್ ಹಾಕಿದ್ದೇವೆಂದು ವಾದಿಸಬೇಡಿ, ನಿಯಮ ಇರುವುದು ಎಲ್ಲ ಮಕ್ಕಳ ಒಳಿತಿಗೆ. ಬಿಸಿನೀರಿನ ಹಾಟ್ ಟಬ್‌ನಿಂದ ವೃದ್ಧರು, ಧೂಮಪಾನಿಗಳು, ಶ್ವಾಸಕೋಶದ ಕಾಯಿಲೆಯವರು ದೂರವಿರಲಿ. ಕೋಣೆಯ ಬಾಲ್ಕನಿಯಲ್ಲಿದ್ದ ಖಾಸಗಿ ಹಾಟ್ ಟಬ್‌ಗಳಿಗೆ ಸಂಬಂಧಿಸಿ ಎರಡು ಹಡಗುಗಳ 12 ಪ್ರಯಾಣಿಕರಿಗೆ ಲೀಜನೇರ್ಸ್ ಎಂಬ ನ್ಯುಮೋನಿಯಾ ತಗಲಿದ್ದನ್ನು ಸಿಡಿಸಿ 2024ರಲ್ಲಿ ವರದಿ ಮಾಡಿದೆ.

ಯಾವ ಹಡಗು ಯಾರಿಗೆ?

ರಾಯಲ್ ಕೆರಿಬಿಯನ್ ಹಡಗುಗಳು ದೊಡ್ಡವು. ಹದಿಹರೆಯದ ಮಕ್ಕಳಿಗೆ ಖುಷಿ, ಮಂಡಿನೋವಿನ ಅಜ್ಜಿಗೆ ನಡಿಗೆ ಹೆಚ್ಚು. ಕಾರ್ನಿವಲ್‌ನಲ್ಲಿ ದರ ಸಾಮಾನ್ಯವಾಗಿ ಕಡಿಮೆ, ಹಾಡು ಕುಣಿತ ಮೋಜಿನ ಗದ್ದಲ ಹೆಚ್ಚು. ಹಾಲೆಂಡ್ ಅಮೆರಿಕದ ಹಡಗುಗಳು ಅಷ್ಟು ದೊಡ್ಡವಲ್ಲ, ಹಿರಿಯರೇ ಜಾಸ್ತಿ, ವಾತಾವರಣ ಶಾಂತ. ಡಿಸ್ನಿ ದುಬಾರಿ, ಆದರೆ ಅದರ ಹಡಗುಗಳಲ್ಲಿ ಜೂಜಿನ ಕ್ಯಾಸಿನೊ ಇಲ್ಲ, ಚಿಕ್ಕ ಮಕ್ಕಳಿರುವವರಿಗೆ ಹೊಂದುತ್ತದೆ. ವರ್ಜಿನ್ ವಾಯೇಜಸ್‌ನಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶವೇ ಇಲ್ಲ.

ಡಿಸ್ನಿ ಬಿಟ್ಟರೆ ಹೆಚ್ಚಿನ ದೊಡ್ಡ ಹಡಗುಗಳಲ್ಲಿ ಕ್ಯಾಸಿನೊ, ಬಾರ್ ಇದ್ದೇ ಇರುತ್ತವೆ. ನಮಗೆ ಅದು ಧರ್ಮದ ಪ್ರಶ್ನೆಯಷ್ಟೇ ಅಲ್ಲ. ಅನೇಕ ಹಡಗುಗಳಲ್ಲಿ ಕ್ಯಾಸಿನೊ ಒಳಗೆ ಸಿಗರೇಟು ಸೇದಲು ಅನುಮತಿಯಿದ್ದು, ಹೊಗೆ ಪಕ್ಕದ ಓಣಿಗೂ ಬರುತ್ತದೆ. ಆಸ್ತಮಾ ಇರುವವರು ಹಡಗಿನ ನಕ್ಷೆ ನೋಡಿ ದೂರದ ಕೋಣೆ ಕೇಳಿ. ತಲೆಸುತ್ತು ಬರುವವರಿಗೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಒಳ್ಳೆಯದು, ಅಲ್ಲಿ ತೂಗಾಟ ಕಡಿಮೆ. ವಾಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಒಯ್ಯಿರಿ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ಕೆಲವು ಮಾತ್ರೆಗಳು ಆಗದು.

ದಾರಿಯನ್ನೂ ನೋಡಿ. ಮೊದಲ ಬಾರಿ ಹೋಗುವವರಿಗೆ ಬಹಾಮಾಸ್‌ಗೆ ಮೂರು ನಾಲ್ಕು ದಿನಗಳ ಪ್ರಯಾಣ ಸಾಕು. ಗ್ರ್ಯಾಂಡ್ ಕೇಮನ್‌ನಂತಹ ಕಡೆ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗೆ ಇಳಿದು ಹೋಗಬೇಕು, ಮಂಡಿನೋವಿದ್ದವರಿಗೆ ಕಷ್ಟ. ಈ ದ್ವೀಪಗಳಲ್ಲಿ ಡೆಂಗಿ ಇದೆ. ಹಗಲಲ್ಲೂ ಸೊಳ್ಳೆ ನಿವಾರಕ ಹಚ್ಚಿ, ತುಂಬುತೋಳಿನ ಉಡುಪು ಧರಿಸಿ.

ಭಾರತೀಯರಿಗೆ ಇನ್ನೊಂದು ಎಚ್ಚರಿಕೆ. ಹಡಗು ಪನಾಮ, ಕೊಲಂಬಿಯ ಅಥವಾ ಟ್ರಿನಿಡಾಡ್‌ಗೆ ಹೋಗುವುದಾದರೆ, ಅಲ್ಲಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬರುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಇಲ್ಲವಾದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳುಹಿಸುತ್ತಾರೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ. 60 ದಾಟಿದವರಿಗೆ ಈ ಲಸಿಕೆ ಕೊಡುವ ಮುನ್ನ ವೈದ್ಯರು ಯೋಚಿಸಬೇಕಾಗುತ್ತದೆ. ಹಿರಿಯರಿದ್ದರೆ ಆ ದಾರಿಯನ್ನೇ ಬಿಟ್ಟು ಬೇರೆ ದಾರಿ ಆರಿಸುವುದು ಲೇಸು.

ತಟ್ಟೆಯ ಮಾತು

‘ಹಂದಿ ಮಾಂಸ ಇಲ್ಲ’ ಎಂದರೆ ಹಲಾಲ್ ಎಂದರ್ಥವಲ್ಲ. ಹಲಾಲ್ ಮಾಂಸ ಸಿಗುತ್ತದೆಯೇ, ಅದಕ್ಕೆ ಪ್ರಮಾಣಪತ್ರ ಇದೆಯೇ, ಬೇರೆ ಪಾತ್ರೆಯಲ್ಲಿ ಬೇಯಿಸುತ್ತಾರೆಯೇ ಎಂದು ಬುಕ್ ಮಾಡುವ ಮುನ್ನ ಕಂಪೆನಿಗೆ ಇಮೇಲ್ ಬರೆದು ಉತ್ತರ ಪಡೆಯಿರಿ. ಫೋನಿನಲ್ಲಿ ಏಜೆಂಟ್ ಹೇಳಿದ ‘ಎಲ್ಲ ಇದೆ ಸರ್’ ಎಂಬ ಮಾತು ಹಡಗಿನಲ್ಲಿ ನಡೆಯದು. ಖಚಿತ ಉತ್ತರ ಬಾರದಿದ್ದರೆ ಮೀನು, ಮೊಟ್ಟೆ, ತರಕಾರಿಯಲ್ಲೇ ವಾರ ಕಳೆಯಬಹುದು. ಆದರೂ ಸಾಸ್‌ನಲ್ಲಿ ವೈನ್, ಸಿಹಿಯಲ್ಲಿ ಜೆಲಟಿನ್, ಕರಿಯುವ ಎಣ್ಣೆಯ ಬಗ್ಗೆ ಕೇಳಿ ತಿಳಿಯಿರಿ.

ಆರೋಗ್ಯದ ದೃಷ್ಟಿಯಿಂದಲೂ ಧರ್ಮದ ದೃಷ್ಟಿಯಿಂದಲೂ ಬಫೆಗಿಂತ ಮೇಜಿಗೆ ಬಡಿಸುವ ಊಟ ಮೇಲು. ಬಫೆಯಲ್ಲಿ ಸೌಟುಗಳು ಅದಲುಬದಲಾಗುತ್ತವೆ, ಸಾವಿರ ಕೈಗಳು ಮುಟ್ಟುತ್ತವೆ. ಮೇಜಿನ ಊಟದಲ್ಲಿ ನಿಗದಿತ ಸಮಯ ಆರಿಸಿಕೊಂಡರೆ ಹೆಚ್ಚಾಗಿ ವಾರವಿಡೀ ಅದೇ ಪರಿಚಾರಕ ಸಿಗುತ್ತಾನೆ. ಮೊದಲ ದಿನ ಅವನಿಗೆ ವಿವರಿಸಿದರೆ ಮರುದಿನದಿಂದ ಅವನೇ ನೆನಪಿಟ್ಟು ಕೇಳುತ್ತಾನೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಹೊತ್ತಿಗೆ ಸರಿಯಾದ ಊಟ ಬೇಕು. ಆದರೆ ಡಿಸೆಂಬರ್‌ನಲ್ಲಿ ಮಯಾಮಿಯ ಆಸುಪಾಸಿನಲ್ಲಿ ಸೂರ್ಯ ಮುಳುಗುವುದು ಸಂಜೆ ಐದೂವರೆ ಸುಮಾರಿಗೆ. ಮೊದಲ ಪಂಕ್ತಿಯ ಊಟವೂ ಬಹುಪಾಲು ಆ ಹೊತ್ತಿಗೇ. ಮಗ್ರಿಬ್‌ನ ಲೆಕ್ಕ ಹಾಕಿ ಪಂಕ್ತಿ ಆರಿಸಿ. ನಾರ್ವೇಜಿಯನ್ ಕಂಪೆನಿಯ ಹಡಗುಗಳಲ್ಲಿ ಊಟಕ್ಕೆ ನಿಗದಿತ ಹೊತ್ತಿಲ್ಲ, ಬೇಕಾದಾಗ ಹೋಗಬಹುದು.

ಹೆಚ್ಚಿನ ಹಡಗುಗಳ ಶೌಚಾಲಯದಲ್ಲಿ ನೀರಿನ ಪೈಪ್ ಇರುವುದಿಲ್ಲ. ಪುಟ್ಟ ಪ್ಲಾಸ್ಟಿಕ್ ಮಗ್ ಒಯ್ಯಿರಿ. ಒದ್ದೆ ಟಿಶ್ಯೂಗಳನ್ನು ಕಮೋಡಿಗೆ ಹಾಕಬೇಡಿ, ಕಟ್ಟಿಕೊಂಡರೆ ನೆರೆಯ ಕೋಣೆಗಳಿಗೂ ತೊಂದರೆ.

ಔಷಧಿ ಮತ್ತು ವಿಮೆ

ಬಂದರಿನಲ್ಲಿ ಕೊಟ್ಟ ಸೂಟ್‌ಕೇಸ್ ಕೋಣೆಗೆ ತಲುಪಲು ಗಂಟೆಗಳೇ ಬೇಕು. ಇನ್ಸುಲಿನ್, ರಕ್ತದೊತ್ತಡದ ಮಾತ್ರೆ, ವೈದ್ಯರ ಚೀಟಿ, ಒಆರ್‌ಎಸ್ ಪೊಟ್ಟಣ ಕೈಚೀಲದಲ್ಲೇ ಇರಲಿ. ಹಡಗಿನಲ್ಲಿ ವೈದ್ಯರು, ದಾದಿಯರು ಇರುತ್ತಾರೆ. ಆದರೆ ಅದು ಪೂರ್ಣ ಆಸ್ಪತ್ರೆಯಲ್ಲ. ಹೃದಯಾಘಾತವಾದರೆ ದಡಕ್ಕೆ ಸಾಗಿಸಬೇಕು, ಅದರ ಖರ್ಚು ನಮ್ಮ ಎಣಿಕೆಗೆ ಮೀರಿದ್ದು. ಭಾರತದಿಂದ ತೆಗೆದುಕೊಂಡ ಪ್ರವಾಸಿ ವಿಮೆಯಲ್ಲಿ ಕ್ರೂಸ್, ಮೊದಲೇ ಇದ್ದ ಕಾಯಿಲೆ ಮತ್ತು ತುರ್ತು ಸಾಗಾಟ ಮೂರೂ ಸೇರಿವೆಯೇ ಎಂದು ಓದಿ ನೋಡಿ. ಗರ್ಭಿಣಿಯರಿಗೆ 24 ವಾರ ತುಂಬಿದ್ದರೆ ಹೆಚ್ಚಿನ ಕಂಪೆನಿಗಳು ಹತ್ತಲು ಬಿಡುವುದಿಲ್ಲ. ಆರು ತಿಂಗಳೊಳಗಿನ ಮಗುವಿಗೂ ಅದೇ ನಿಯಮ.

ಕೊನೆಯದು, ನಮ್ಮ ಪ್ರಾಮಾಣಿಕತೆ

ಹಡಗು ಹತ್ತುವ ದಿನ ವಾಂತಿಭೇದಿ, ಜ್ವರ ಇದೆಯೇ ಎಂದು ಕೇಳುತ್ತಾರೆ. ಹಿಂದಿನ ರಾತ್ರಿ ಮಗುವಿಗೆ ಭೇದಿಯಾಗಿದ್ದರೂ ‘ಇಲ್ಲ’ ಎಂದು ಬರೆಯುವವರಿದ್ದಾರೆ. ಕಟ್ಟಿದ ದುಡ್ಡು ಮುಳುಗುತ್ತದೆಂಬ ಭಯ. ಆ ಒಂದು ಸುಳ್ಳಿನ ಬೆಲೆಯನ್ನು ತೆರುವುದು ಪಕ್ಕದ ಮೇಜಿನ ಎಂಬತ್ತರ ಅಜ್ಜ ಇರಬಹುದು, ಆ ವಾಂತಿಯನ್ನು ಒರೆಸುವ ನಮ್ಮೂರಿನದೇ ಹುಡುಗನಿರಬಹುದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿದ್ದ 3,711 ಮಂದಿಯಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೊರೋನಾ ತಗಲಿದ್ದನ್ನು ನಾವು ಮರೆತಿಲ್ಲ. ಸಾಂಕ್ರಾಮಿಕ ಇರುವ ಊರಿಗೆ ಹೋಗಬಾರದು, ಅಲ್ಲಿದ್ದವರು ಅಲ್ಲಿಂದ ಹೊರಡಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದ ಸಮುದಾಯ ನಾವು. ಶುಚಿತ್ವವನ್ನು ವಿಶ್ವಾಸದ ಭಾಗವೆಂದು ನಂಬಿದವರಿಗೆ ಕಾಯಿಲೆ ಮುಚ್ಚಿಡುವುದು ಸಣ್ಣ ತಪ್ಪಲ್ಲ.

ಈ ಪ್ರಲೋಭನೆಗೆ ಮೊದಲೇ ಬಾಗಿಲು ಹಾಕಬಹುದು. ಕಾಯಿಲೆಯಿಂದ ಪ್ರಯಾಣ ರದ್ದಾದರೆ ಹಣ ಮರಳುವುದೇ, ದಿನಾಂಕ ಬದಲಿಸಿ ಕೊಡುತ್ತಾರೆಯೇ ಎಂದು ಪ್ರತಿ ಕಂಪೆನಿಯನ್ನೂ ಕೇಳಿ. ಇಲ್ಲವಾದರೆ ರದ್ದತಿಯನ್ನೂ ಒಳಗೊಂಡ ವಿಮೆ ಮಾಡಿಸಿ. ಪ್ರಯಾಣದ ನಡುವೆ ಆರೋಗ್ಯ ಕೆಟ್ಟರೆ ಬಫೆಯತ್ತ ಸುಳಿಯದೆ ಕೋಣೆಯಲ್ಲೇ ಇದ್ದು ಚಿಕಿತ್ಸಾ ಕೇಂದ್ರಕ್ಕೆ ಫೋನ್ ಮಾಡಿ. ವಾಂತಿಭೇದಿ ನಿಂತ ಮೇಲೂ ಎರಡು ದಿನ ಜನರಿಂದ ದೂರವಿರಿ.

ಹಾಗಾಗಿ ಮಗ ಎರಡು ಮೂರು ಹಡಗುಗಳ ಚಿತ್ರ ತೋರಿಸಿದಾಗ ಅವನಿಂದ ನಾಲ್ಕು ವಿಷಯ ಕೇಳಿ ತಿಳಿಯಿರಿ: ಹಡಗಿನ ನೈರ್ಮಲ್ಯ ಅಂಕ, ಊಟದ ಬಗ್ಗೆ ಕಂಪೆನಿ ಬರೆದು ಕೊಟ್ಟ ಉತ್ತರ, ಹಡಗು ನಿಲ್ಲುವ ಬಂದರುಗಳು, ಕಾಯಿಲೆಯಾದರೆ ಹಣ ಮತ್ತು ಚಿಕಿತ್ಸೆಯ ವ್ಯವಸ್ಥೆ. ಇವು ನಾಲ್ಕೂ ಸರಿಯಿದ್ದರೆ ಬಿಸ್ಮಿಲ್ಲಾಹ್ ಹೇಳಿ ಹತ್ತಿ. ನೀಲಿ ಕಡಲನ್ನು ಕಣ್ತುಂಬ ನೋಡಿ, ಮೊಮ್ಮಕ್ಕಳ ಜೊತೆ ಆರೋಗ್ಯವಾಗಿ ಮರಳಿ ಬನ್ನಿ.