ನಿಮಗಿದು ಗೊತ್ತೇ? ಹಳೆ ಕಂಪ್ಯೂಟರಿಗೆ ಹೊಸ ವೇಗ: ಬೋರ್ಡು ತಡವಾಗುವುದೇಕೆ?

ಮೂವತ್ತು-ನಲವತ್ತು ವರ್ಷ ಹಳೆಯ ಕಂಪ್ಯೂಟರಿಗೆ ವೇಗದ ಪ್ರೊಸೆಸರ್ ಇರುವ ಪುಟ್ಟ ಬೋರ್ಡು ಸಿಕ್ಕಿಸಿ, ಅದಕ್ಕೆ ಹೊಸ ಚುರುಕು ತುಂಬುವ ಹವ್ಯಾಸಿಗಳಿದ್ದಾರೆ. ಆ ಬೋರ್ಡಿಗೆ ಆಕ್ಸಿಲರೇಟರ್ ಎಂದು ಹೆಸರು. ಮುಂದಿನ ತಿಂಗಳು ಸಿದ್ಧ ಎಂದದ್ದು ವರ್ಷ ಕಳೆದರೂ ಕೈಸೇರದಿರುವುದು ಇಲ್ಲಿ ಮಾಮೂಲು. ಆ ತಡ ಎಲ್ಲಿ ಹುಟ್ಟುತ್ತದೆ? ತಪ್ಪನ್ನು ಹೇಗೆ ಹುಡುಕುತ್ತಾರೆ? ಅಮಿಗಾ ಕಂಪ್ಯೂಟರನ್ನು ಮುಂದಿಟ್ಟುಕೊಂಡು ನೋಡೋಣ.

● ಮೊದಲ ಅಮಿಗಾವನ್ನು ಕಮೊಡೋರ್ ಕಂಪನಿ 1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಜನರ ಮುಂದಿಟ್ಟಿತು. 1994ರ ಏಪ್ರಿಲ್‌ನಲ್ಲಿ ಕಂಪನಿಯೇ ದಿವಾಳಿಯಾಯಿತು. ಇಂದು ಅನುಮಾನ ಬಂದರೆ ಕೇಳಲು ತಯಾರಕರಿಲ್ಲ. ಹಳೆ ಕೈಪಿಡಿ, ಸರ್ಕ್ಯೂಟ್ ನಕ್ಷೆ ಮತ್ತು ಎದುರಿಗಿರುವ ಯಂತ್ರ, ಇವೇ ಗುರುಗಳು.

● ಯುರೋಪಿನಲ್ಲಿ ಮಾರಾಟವಾದ ಅಮಿಗಾ 500ರ ಮೋಟೊರೋಲಾ 68000 ಪ್ರೊಸೆಸರ್ 7.09 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತದೆ. ಅದರ ಒಂದು ಕ್ಲಾಕ್ ಎಂದರೆ ಸುಮಾರು 141 ನ್ಯಾನೊಸೆಕೆಂಡ್. ಆಕ್ಸಿಲರೇಟರಿನಲ್ಲಿ ಕೂರುವ 50 ಮೆಗಾಹರ್ಟ್ಸ್‌ನ 68030 ಪ್ರೊಸೆಸರಿಗೆ ಒಂದು ಕ್ಲಾಕ್ ಬರೀ 20 ನ್ಯಾನೊಸೆಕೆಂಡ್. ವಿಳಂಬ ಕಾಲಕ್ಕೂ ದ್ರುತ ಕಾಲಕ್ಕೂ ಒಂದೇ ತಾಳ ಹಾಕುವಂಥ ಕೆಲಸ ಇದು. ಬಹುಪಾಲು ತಡ ಇಲ್ಲೇ ಹುಟ್ಟುವುದು.

● ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅಷ್ಟುದ್ದದ ತಂತಿ ತುಂಡುಗಳನ್ನು ಹಂಚಿ ಇದನ್ನು ಮನದಟ್ಟು ಮಾಡಿಸುತ್ತಿದ್ದರು. ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಸಾಗುವುದು ಅದರ ಅರ್ಧದಷ್ಟು. ಗೆರೆ ಎಳೆದ ದಾರಿಯೂ ಲೆಕ್ಕಕ್ಕೆ ಬರುತ್ತದೆ.

● 68000 ಬಹಳ ಸಹನೆಯ ಪ್ರೊಸೆಸರ್. ಮೆಮೊರಿಯನ್ನು ಏನಾದರೂ ಕೇಳಿದರೆ, ಡಿಟ್ಯಾಕ್ ಎಂಬ ಪಿನ್ನಿನಲ್ಲಿ ‘ಸಿದ್ಧ’ ಎಂಬ ಸಂಕೇತ ಬರುವ ತನಕ ಕಾಯುತ್ತಲೇ ಇರುತ್ತದೆ. ಸಂಕೇತ ಬಾರದಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಬೇಗ ಬಂದರೆ ಇನ್ನೂ ಕಷ್ಟ: ಪ್ರೊಸೆಸರ್ ತಪ್ಪು ಮಾಹಿತಿಯನ್ನೇ ಸರಿಯೆಂದು ನಂಬಿ ಮುಂದೆ ಹೋಗುತ್ತದೆ.

● ಈ ಪಿನ್ನಿನ ಹೆಸರಲ್ಲೇ ಒಂದು ಪತ್ರಿಕೆ ಇತ್ತು! ಆ್ಯಪಲ್ 2 ಮತ್ತು ಕಮೊಡೋರ್ ಪೆಟ್ ಯಂತ್ರಗಳಿಗೆ 68000 ಬೋರ್ಡು ಜೋಡಿಸುವವರಿಗಾಗಿ 1981ರಲ್ಲಿ ಅಮೆರಿಕದಲ್ಲಿ ಶುರುವಾದ ಅದರ ಹೆಸರು ‘ಡಿಟ್ಯಾಕ್ ಗ್ರೌಂಡೆಡ್’. ಆ ಪಿನ್ನನ್ನು ನೆಲಸಂಪರ್ಕಕ್ಕೆ ಕಟ್ಟಿ, ಪ್ರೊಸೆಸರ್ ಕಾಯದೇ ಓಡುವಂತೆ ಮಾಡುವ ಉಪಾಯವೇ ಹೆಸರಿನ ಅರ್ಥ.

● 68000 ತನ್ನ ಕ್ಲಾಕನ್ನು ಹತ್ತರಿಂದ ಭಾಗಿಸಿ ಇನ್ನೊಂದು ನಿಧಾನ ತಾಳವನ್ನೂ ಹೊರಡಿಸುತ್ತದೆ: ಆರು ಕ್ಲಾಕ್ ಕೆಳಗೆ, ನಾಲ್ಕು ಮೇಲೆ. ಇದೇ ಇ-ಕ್ಲಾಕ್. ಅಮಿಗಾದಲ್ಲಿ ಕೀಬೋರ್ಡು, ಫ್ಲಾಪಿ ನೋಡಿಕೊಳ್ಳುವ ಚಿಪ್‌ಗಳು ಕುಣಿಯುವುದು ಇದಕ್ಕೇ. 68020 ಮತ್ತು 68030ರಲ್ಲಿ ಈ ವ್ಯವಸ್ಥೆ ಇಲ್ಲ. 68000ದ ಜಾಗದಲ್ಲಿ ಕೂರುವ ಹೊಸ ಬೋರ್ಡು ಅದನ್ನು ತಾನೇ ಹುಟ್ಟಿಸಬೇಕು. ಲೆಕ್ಕ ಒಂದು ಕ್ಲಾಕ್ ತಪ್ಪಿದರೂ ಫ್ಲಾಪಿ ಮುಷ್ಕರ ಹೂಡೀತು.

● ವೇಗ ಹೆಚ್ಚಿಸುವ ಬೋರ್ಡು ಬೇಕೆಂದೇ ನಿಧಾನವಾಗುವುದೂ ಉಂಟು. ಆ್ಯಪಲ್ 2ರ ಫ್ಲಾಪಿ ಓದುವ ಪ್ರೋಗ್ರಾಂ ಮೂಲ ಪ್ರೊಸೆಸರಿನ ಸುಮಾರು 1 ಮೆಗಾಹರ್ಟ್ಸ್ ವೇಗವನ್ನೇ ನಂಬಿ ಎಣಿಸುತ್ತದೆ. ಹಾಗಾಗಿ ಫ್ಲಾಪಿಯ ಸರದಿ ಬಂದಾಗ ಆಕ್ಸಿಲರೇಟರ್ ಹಳೆ ವೇಗಕ್ಕೆ ಇಳಿಯಲೇಬೇಕು.

● ತಪ್ಪು ಹೊಸ ಬೋರ್ಡಿನಲ್ಲೇ ಇರಬೇಕೆಂದೇನಿಲ್ಲ. ಅಮಿಗಾ 1200ರ ‘1ಡಿ.4’ ಆವೃತ್ತಿಯ ಮದರ್‌ಬೋರ್ಡಿನಲ್ಲಿ ಇ123ಸಿ, ಇ125ಸಿ ಎಂಬ ಎರಡು ಕಿರು ಕೆಪಾಸಿಟರ್‌ಗಳಿವೆ. ಸಾಸಿವೆ ಕಾಳಿನಷ್ಟು ಗಾತ್ರ. ಎಷ್ಟೋ ಆಕ್ಸಿಲರೇಟರ್‌ಗಳು ಸ್ಥಿರವಾಗಿ ಓಡಿದ್ದು ಬೆಸುಗೆ ಬಿಡಿಸಿ ಇವೆರಡನ್ನೂ ಕಿತ್ತ ಮೇಲೆ.

● ಅದೇ 1200ರಲ್ಲಿ ದ್ರವ ತುಂಬಿದ ದೊಡ್ಡ ಕೆಪಾಸಿಟರ್‌ಗಳೂ ಇವೆ. ವಯಸ್ಸಾದಂತೆ ಅವು ಸೋರಿ, ಸುತ್ತಲಿನ ತಾಮ್ರವನ್ನು ತಿನ್ನುತ್ತವೆ. ಹೊಸ ಬೋರ್ಡನ್ನು ದೂರುವ ಮುನ್ನ ಹಳೆ ಯಂತ್ರದ ಆರೋಗ್ಯ ನೋಡುವುದು ಮೊದಲ ಪಾಠ.

● ಅಳೆಯಲು ಹೋದರೆ ದೋಷ ಮಾಯ! ಆಸಿಲೋಸ್ಕೋಪಿನ ಮೊನೆ ತಾಗಿದ ಕೂಡಲೇ ಗೆರೆಗೆ ಸುಮಾರು 10 ಪಿಕೊಫ್ಯಾರಡ್ ಹೊರೆ ಸೇರುತ್ತದೆ. ಅಷ್ಟರಿಂದಲೇ ಸಂಕೇತ ಕೂದಲೆಳೆಯಷ್ಟು ತಡವಾಗಿ, ಕೆಟ್ಟ ಬೋರ್ಡು ಓಡತೊಡಗಬಹುದು. ಮೊನೆ ತೆಗೆದರೆ ಮತ್ತೆ ಅದೇ ಕಥೆ. ಇಂಥದ್ದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆದರೆ ಸುಳಿವೂ ಅದೇ: ತಪ್ಪು ಆ ಗೆರೆಯ ಸಮಯದಲ್ಲಿದೆ.

● ಅಮಿಗಾ ತನ್ನ ನೋವನ್ನು ಬಣ್ಣದಲ್ಲಿ ಹೇಳುತ್ತದೆ. ಆನ್ ಮಾಡಿದಾಗ ಪರದೆ ಕೆಂಪಾಗಿ ನಿಂತರೆ ರೋಮ್ ಚಿಪ್ಪಿನಲ್ಲಿ (ಕಿಕ್‌ಸ್ಟಾರ್ಟ್) ದೋಷ, ಹಸಿರಾದರೆ ಚಿಪ್ ಮೆಮೊರಿಯಲ್ಲಿ, ನೀಲಿಯಾದರೆ ವಿಶೇಷ ಚಿಪ್‌ಗಳಲ್ಲಿ. ಹಳದಿ ಎಂದರೆ ಪ್ರೊಸೆಸರ್ ಎಡವಿದೆ.

● ಹಳೆ ಚಿಪ್‌ಗಳಿಗೆ 5 ವೋಲ್ಟ್, ಹೊಸ ಚಿಪ್‌ಗಳಿಗೆ ಹೆಚ್ಚಾಗಿ 3.3 ವೋಲ್ಟ್. ಎರಡನ್ನೂ ತಾಳಿಕೊಳ್ಳುವ ಝೈಲಿಂಕ್ಸ್ ಎಕ್ಸ್‌ಸಿ9500ಎಕ್ಸ್‌ಎಲ್ ಚಿಪ್ಪು ಹವ್ಯಾಸಿಗಳ ಕಣ್ಮಣಿಯಾಗಿತ್ತು. ಅದರ ತಯಾರಿಕೆ ನಿಲ್ಲಿಸುವುದಾಗಿ, ಝೈಲಿಂಕ್ಸನ್ನು ಕೊಂಡಿದ್ದ ಎಎಂಡಿ 2024ರಲ್ಲಿ ಪ್ರಕಟಿಸಿತು. ಚಿಪ್ಪು ಬದಲಾದರೆ ನಕ್ಷೆಯೂ ಬದಲು, ಪರೀಕ್ಷೆಯೂ ಮೊದಲಿನಿಂದ.

● 68000ದ ಜಾಗದಲ್ಲಿ ರಾಸ್ಪ್‌ಬೆರಿ ಪೈ ಕೂರಿಸುವ ಯೋಜನೆಯೇ ಪೈಸ್ಟಾರ್ಮ್. ಚಿಪ್ ಬರ ಬಂದಾಗ ಅದಕ್ಕೂ ಬಿಸಿ ತಟ್ಟಿತು. 2021ರ ಅಕ್ಟೋಬರ್‌ನಲ್ಲಿ ರಾಸ್ಪ್‌ಬೆರಿ ಪೈ ಇತಿಹಾಸದಲ್ಲೇ ಮೊದಲ ಸಲ ಬೆಲೆ ಏರಿತು: 2 ಜಿಬಿಯ ಪೈ 4, 35 ಡಾಲರ್‌ನಿಂದ 45ಕ್ಕೆ.

● 1994ರ 68060 ಚಿಪ್ಪಿಗೆ ಇಂದಿಗೂ ಬೇಡಿಕೆ. ಅದಕ್ಕೇ ನಕಲಿಯೂ ಹೆಚ್ಚು: ಅಗ್ಗದ ಚಿಪ್ಪಿನ ಮೈ ಉಜ್ಜಿ ದುಬಾರಿ ಹೆಸರು ಅಚ್ಚೊತ್ತುತ್ತಾರೆ. ಮೇಲಿನ ಅಕ್ಷರ ಸುಳ್ಳಾಡಿದರೂ ಒಳಗಿನ ಪಿಸಿಆರ್ ರಿಜಿಸ್ಟರ್ ನಿಜ ಹೇಳುತ್ತದೆ. 0430 ಬಂದರೆ ಪೂರ್ಣ ಚಿಪ್, 0431 ಬಂದರೆ ಗಣಿತ ಘಟಕವಿಲ್ಲದ್ದು.

● ತಪ್ಪು ಹುಡುಕುವವರ ಚಿನ್ನದಂಥ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿ ಸರಿಹೋದರೆ ಯಾವುದರಿಂದ ಎಂದು ತಿಳಿಯದು, ನಾಳೆ ಅದೇ ದೋಷ ಬೇರೆಯವರ ಮನೆಯಲ್ಲಿ ಎದ್ದೀತು.

● ಹಳೆ ಅಮಿಗಾ ಸರಿಯಾಗಿ ಎದ್ದರೆ ಪರದೆಯ ಮೇಲೆ ಫ್ಲಾಪಿ ಹಿಡಿದ ಕೈಯೊಂದರ ಚಿತ್ರ ಮೂಡುತ್ತದೆ. ತಿಂಗಳುಗಟ್ಟಲೆ ಬಣ್ಣದ ಪರದೆಗಳನ್ನೇ ನೋಡಿದ ಹವ್ಯಾಸಿಗೆ ತನ್ನದೇ ಬೋರ್ಡಿನ ಮೇಲೆ ಆ ಕೈ ಕಂಡ ಗಳಿಗೆಯೇ ಸಂಬಳ. ಬೋರ್ಡು ತಡವಾಯಿತೆಂದು ಕೇಳುವಾಗ ಆ ಗಳಿಗೆಗಾಗಿ ದುಡಿಯುವ ಒಬ್ಬಿಬ್ಬರ ರಾತ್ರಿಗಳನ್ನೂ ನೆನೆಯೋಣ.