ಪರದೆಯ ಮೇಲಿನ ತರಬೇತಿ: ಕಲಿಸುವುದು ಯಂತ್ರವೋ, ಸುಗಮಕಾರನೋ?

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ 2003ರ ಸುಮಾರಿಗೆ ಹೆಪಟೈಟಿಸ್ ಸಿ ಸೋಂಕು ತಗುಲಿದ ರೋಗಿಯೊಬ್ಬರು ಯಕೃತ್ತಿನ ತಜ್ಞರನ್ನು ಕಾಣಬೇಕೆಂದರೆ ಎಂಟು ತಿಂಗಳವರೆಗೂ ಕಾಯಬೇಕಿತ್ತು. ತಜ್ಞರು ಇದ್ದುದು ಆಲ್ಬುಕರ್ಕಿ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ. ರೋಗಿಗಳಲ್ಲಿ ಬಹಳಷ್ಟು ಮಂದಿ ಇದ್ದುದು ದೂರದ ಹಳ್ಳಿಗಳಲ್ಲಿ ಹಾಗೂ ಕಾರಾಗೃಹಗಳಲ್ಲಿ. ಆಗ ಲಭ್ಯವಿದ್ದ ಚಿಕಿತ್ಸೆಯೂ ಸುಲಭದ್ದಾಗಿರಲಿಲ್ಲ. ಕೆಲವು ರೋಗಿಗಳಿಗೆ 48 ವಾರಗಳ ಕಾಲ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ಮಾತ್ರೆಗಳನ್ನು ನೀಡಬೇಕಿತ್ತು. ರಕ್ತಹೀನತೆ, ತೀವ್ರ ಖಿನ್ನತೆಯಂಥ ಅಡ್ಡ ಪರಿಣಾಮಗಳನ್ನು ಎದುರಿಸಬೇಕಿತ್ತು. ಔಷಧವಿತ್ತು, ಆದರೆ ಅದನ್ನು ಕೊಡುವ ಧೈರ್ಯ ಊರಿನ ಸಾಮಾನ್ಯ ವೈದ್ಯರಿಗೆ ಇರಲಿಲ್ಲ.

ಭಾರತ ಮೂಲದ ವೈದ್ಯ ಡಾ. ಸಂಜೀವ್ ಅರೋರಾ ಆ ವರ್ಷ ಆರಂಭಿಸಿದ ಪ್ರಯೋಗ ಈ ಸಮಸ್ಯೆಯನ್ನು ತಿರುಗಿಸಿ ನೋಡಿತು. ರೋಗಿಯನ್ನು ನಗರಕ್ಕೆ ಕರೆಸುವ ಬದಲು ಊರಿನ ವೈದ್ಯರನ್ನೇ ವಾರಕ್ಕೊಮ್ಮೆ ವಿಡಿಯೊ ಮೂಲಕ ತಜ್ಞರೊಂದಿಗೆ ಕೂರಿಸುವುದು ಅವರ ಯೋಜನೆ. ಇದೇ ಮುಂದೆ 'ಪ್ರಾಜೆಕ್ಟ್ ಎಕೊ' ಎಂದು ಹೆಸರಾಯಿತು. 407 ರೋಗಿಗಳನ್ನು ಒಳಗೊಂಡ ಅದರ ಅಧ್ಯಯನ 2011ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯದ ತಜ್ಞರಿಂದಲೇ ಚಿಕಿತ್ಸೆ ಪಡೆದವರಲ್ಲಿ ಶೇ 57.5ರಷ್ಟು ಮಂದಿ ವೈರಾಣುವಿನಿಂದ ಮುಕ್ತರಾಗಿದ್ದರೆ, ಊರಿನ ವೈದ್ಯರು ಮತ್ತು ಕಾರಾಗೃಹಗಳ ವೈದ್ಯರಿಂದ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ 58.2. ಅಂದರೆ ಸಾಮಾನ್ಯ ವೈದ್ಯರು ತಜ್ಞರಿಗೆ ಸರಿಸಮವಾಗಿ ನಿಂತರು. ಇದು ಚೀಟಿ ಎತ್ತಿ ರೋಗಿಗಳನ್ನು ಗುಂಪು ಮಾಡಿದ ಪ್ರಯೋಗವಾಗಿರಲಿಲ್ಲ ಎಂಬ ಮಿತಿ ಇದ್ದರೂ, ದೂರದಿಂದ ಕಲಿಸಿದ್ದು ರೋಗಿಯ ದೇಹದಲ್ಲಿ ಫಲ ಕೊಟ್ಟಿದ್ದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಅಪರೂಪ. ಹೆಪಟೈಟಿಸ್ ಸಿ ಚಿಕಿತ್ಸೆ ಈಗ ಕೆಲವೇ ವಾರಗಳ ಮಾತ್ರೆಗಳಿಗೆ ಇಳಿದಿದೆ. ಆದರೆ ಆ ಕಲಿಕೆಯ ವಿಧಾನ ಉಳಿದುಕೊಂಡಿದೆ. ಎಚ್‌ಐವಿ, ಕ್ಷಯ, ಮಾನಸಿಕ ಆರೋಗ್ಯಗಳಿಗೂ ಹರಡಿದೆ. ನಮೀಬಿಯಾ 2015ರಲ್ಲಿ ತನ್ನ ಎಚ್‌ಐವಿ ಚಿಕಿತ್ಸಾ ಕೇಂದ್ರಗಳ ಸಿಬ್ಬಂದಿಗಾಗಿ ಇದನ್ನು ಅಳವಡಿಸಿಕೊಂಡಿತು.

ಅಭಿವೃದ್ಧಿ ಹಾಗೂ ಸೇವಾ ಕ್ಷೇತ್ರದ ಸಂಸ್ಥೆಗಳು ಇಂದು ತಮ್ಮ ತರಬೇತಿಯ ಗಣನೀಯ ಭಾಗವನ್ನು ಪರದೆಯ ಮೇಲೆಯೇ ನಡೆಸುತ್ತಿವೆ. ಅವುಗಳಲ್ಲಿ ಕೆಲವು ಫಲಿಸುತ್ತವೆ, ಹಲವು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತವೆ. ವ್ಯತ್ಯಾಸ ಎಲ್ಲಿದೆ ಎಂಬುದನ್ನು ತಿಳಿಯಲು ಎಕೊ ಅಧಿವೇಶನವೊಂದರ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಭಾಷಣಕ್ಕೆ ಕಾಲು ಭಾಗ

ನಿಗದಿತ ದಿನ, ನಿಗದಿತ ಗಂಟೆ. ಒಂದು ಕೇಂದ್ರದಲ್ಲಿ ತಜ್ಞರ ತಂಡ. ಬೇರೆ ಬೇರೆ ಊರುಗಳಿಂದ ವೈದ್ಯರು, ದಾದಿಯರು, ಆಪ್ತ ಸಮಾಲೋಚಕರು. ಒಂದೂವರೆ ಗಂಟೆಯ ಅವಧಿಯಲ್ಲಿ ತಜ್ಞರ ಉಪನ್ಯಾಸಕ್ಕೆ ದೊರೆಯುವುದು 15-20 ನಿಮಿಷ ಮಾತ್ರ. ಉಳಿದ ಸಮಯವೆಲ್ಲ ಪ್ರಕರಣಗಳಿಗೆ ಮೀಸಲು. ಊರಿನ ವೈದ್ಯರೊಬ್ಬರು ತಮ್ಮನ್ನು ಕಾಡುತ್ತಿರುವ ಒಬ್ಬ ರೋಗಿಯ ವಿವರವನ್ನು, ಹೆಸರು ವಿಳಾಸಗಳನ್ನು ಬಿಟ್ಟು, ಮಂಡಿಸುತ್ತಾರೆ.

ಮುಂದಿನ ಹೆಜ್ಜೆಯೇ ಮುಖ್ಯವಾದುದು. ಪ್ರಕರಣ ಕೇಳಿದ ಕೂಡಲೇ ತಜ್ಞರು ಉತ್ತರ ಹೇಳುವಂತಿಲ್ಲ. ಅಧಿವೇಶನ ನಡೆಸುವವರು ಮೊದಲು ಇತರ ಊರುಗಳ ವೈದ್ಯರಿಂದ ಪ್ರಶ್ನೆಗಳನ್ನು ಆಹ್ವಾನಿಸುತ್ತಾರೆ, ಬಳಿಕ ಅವರ ಸಲಹೆಗಳನ್ನು ಕೇಳುತ್ತಾರೆ. ತಜ್ಞರ ಸರದಿ ಬರುವುದು ಕೊನೆಗೆ. ಚರ್ಚೆಯ ಸಾರಾಂಶ ಬರವಣಿಗೆಯಲ್ಲಿ ಪ್ರಕರಣ ಮಂಡಿಸಿದವರಿಗೆ ತಲುಪುತ್ತದೆ. ರೋಗಿಯ ಹೊಣೆ ಮಾತ್ರ ಊರಿನ ವೈದ್ಯರದೇ. ಟೆಲಿಮೆಡಿಸಿನ್‌ಗೂ ಇದಕ್ಕೂ ಇರುವ ಅಂತರ ಇದೇ: ಅಲ್ಲಿ ದೂರದ ತಜ್ಞರು ರೋಗಿಯನ್ನು ನೋಡುತ್ತಾರೆ, ಇಲ್ಲಿ ಊರಿನ ವೈದ್ಯರು ಮುಂದಿನ ಅಂಥದೇ ರೋಗಿಯನ್ನು ತಾವೇ ನೋಡುವಷ್ಟು ಕಲಿಯುತ್ತಾರೆ.

ಮೇಲ್ನೋಟಕ್ಕೆ ಇದು ಸಣ್ಣ ನಿಯಮ. ಆದರೆ ಹಿರಿಯರೆದುರು ಕಿರಿಯರು ಬಾಯಿ ತೆರೆಯದ ವ್ಯವಸ್ಥೆಗಳಲ್ಲಿ ಇದರ ಪರಿಣಾಮ ದೊಡ್ಡದು. ಜಿಲ್ಲಾ ಶಸ್ತ್ರಚಿಕಿತ್ಸಕರು ಒಮ್ಮೆ ಅಭಿಪ್ರಾಯ ಹೇಳಿಬಿಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ ಅದಕ್ಕೆ ಭಿನ್ನವಾದುದನ್ನು ಹೇಳುವರೇ? ತಜ್ಞರನ್ನು ಕೊನೆಗೆ ಇರಿಸಿದಾಗ ಮಾತ್ರ ಆಕೆಗೆ ತಿಳಿದಿರುವುದು, ಅದಕ್ಕಿಂತ ಮುಖ್ಯವಾಗಿ ತಿಳಿಯದಿರುವುದು, ಹೊರಬರುತ್ತದೆ.

ಸುಗಮಕಾರನ ಕೆಲಸ

ಹೀಗೆ ಕಲಿಕೆಯನ್ನು ನಡೆಸಿಕೊಡುವವರಿಗೆ ಕನ್ನಡದ ತರಬೇತಿ ವಲಯದಲ್ಲಿ 'ಸುಗಮಕಾರ' ಎಂಬ ಹೆಸರು ಚಾಲ್ತಿಯಲ್ಲಿದೆ. ಸುಗಮಕಾರ ಶಿಕ್ಷಕನಲ್ಲ, ಸಭಾಧ್ಯಕ್ಷನೂ ಅಲ್ಲ. ವಿಷಯದಲ್ಲಿ ಆತ ಪಾರಂಗತನಾಗಿರಬೇಕೆಂದೂ ಇಲ್ಲ. ಯಾರು ಮಾತನಾಡಿದರು, ಯಾರು ಮಾತನಾಡಲಿಲ್ಲ ಎಂಬುದರ ಮೇಲೆ ಆತನ ಕಣ್ಣಿರಬೇಕು.

ಒಂದೇ ಕೊಠಡಿಯಲ್ಲಿ ಕುಳಿತಾಗ ಈ ಕೆಲಸಕ್ಕೆ ಕಣ್ಣು, ಕಿವಿ, ಅನುಭವ ಸಾಕು. ಹಿಂದಿನ ಸಾಲಿನಲ್ಲಿ ಮುಖ ಗಂಟಿಕ್ಕಿದವರನ್ನು ಗುರುತಿಸಬಹುದು, ಚಹಾ ವಿರಾಮದಲ್ಲಿ ಪಕ್ಕಕ್ಕೆ ಕರೆದು ವಿಚಾರಿಸಬಹುದು. ಪರದೆಯ ಮೇಲೆ ಇವೆರಡೂ ಇಲ್ಲ. ಕ್ಯಾಮೆರಾ ಮುಚ್ಚಿರುತ್ತದೆ, ಧ್ವನಿ ಬಂದ್ ಆಗಿರುತ್ತದೆ, ಒಂದು ಹೆಸರು ಮಾತ್ರ ಕಾಣುತ್ತದೆ. "ಎಲ್ಲರಿಗೂ ಅರ್ಥವಾಯಿತೇ?" ಎಂದು ಕೇಳಿದರೆ "ಆಯಿತು ಸರ್" ಎಂಬ ಒಂದೆರಡು ಸಂದೇಶ ಬರುತ್ತವೆ. ಅದರಿಂದ ತಿಳಿಯುವುದು ಏನೂ ಇಲ್ಲ.

ಆದ್ದರಿಂದ ಪಳಗಿದ ಸುಗಮಕಾರರ ಕೆಲಸದ ಹೆಚ್ಚಿನ ಪಾಲು ಅಧಿವೇಶನದ ಹೊರಗೇ ನಡೆಯುತ್ತದೆ. ಈ ವಾರ ಪ್ರಕರಣ ಮಂಡಿಸಬೇಕಾದವರಿಗೆ ಎರಡು ದಿನ ಮೊದಲೇ ಫೋನ್ ಮಾಡಿ ಧೈರ್ಯ ತುಂಬುವುದು, ಸಂಪರ್ಕ ಕಡಿತಗೊಂಡರೆ ಬರೀ ಫೋನ್ ಕರೆಯ ಮೂಲಕ ಸೇರಿಕೊಳ್ಳುವ ದಾರಿ ತೋರಿಸುವುದು, ಎರಡು ವಾರ ಬಾರದವರನ್ನು ವಿಚಾರಿಸುವುದು ಅದರಲ್ಲಿ ಸೇರಿವೆ. ಅಧಿವೇಶನದಲ್ಲಿ ಆತ ಹೆಸರು ಹಿಡಿದು ಕರೆಯುತ್ತಾನೆ. ಪ್ರಶ್ನೆ ಕೇಳಿದ ಮೇಲೆ ಮೌನವನ್ನು ಸಹಿಸುತ್ತಾನೆ. ಈ ಕೊನೆಯದು ಕೇಳಲು ಸುಲಭ, ಮಾಡಲು ಕಷ್ಟ. ಪರದೆಯ ಮೇಲಿನ ಹತ್ತು ಸೆಕೆಂಡ್ ಮೌನ ಹತ್ತು ನಿಮಿಷದಂತೆ ಭಾಸವಾಗುತ್ತದೆ, ಬಹುತೇಕರು ಮೂರನೇ ಸೆಕೆಂಡಿಗೇ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ.

ಸುಗಮಕಾರರಿಲ್ಲದ ಆನ್‌ಲೈನ್ ಕಲಿಕೆಯ ಗತಿ ಏನಾಗುತ್ತದೆ ಎಂಬುದಕ್ಕೂ ಅಂಕಿಅಂಶ ಲಭ್ಯ. ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಎಂಐಟಿ ಎಲ್ಲರಿಗೂ ಮುಕ್ತವಾಗಿರಿಸಿದ ಆನ್‌ಲೈನ್ ಕೋರ್ಸ್‌ಗಳ ಕುರಿತ ಅಧ್ಯಯನವೊಂದು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2017-18ರಲ್ಲಿ ಹೆಸರು ನೋಂದಾಯಿಸಿದ ನೂರು ಮಂದಿಯಲ್ಲಿ ಕೋರ್ಸ್ ಮುಗಿಸಿದವರು ಸುಮಾರು ಮೂವರು. ಪ್ರಮಾಣಪತ್ರಕ್ಕಾಗಿ ಹಣ ತೆತ್ತವರಲ್ಲಿ ಮುಗಿಸಿದವರ ಪ್ರಮಾಣ ಶೇ 46. ಕೋರ್ಸ್‌ಗಳು ಅವೇ, ಪರದೆಯೂ ಅದೇ. ಕಲಿಯುವವನನ್ನು ಅದಕ್ಕೆ ಕಟ್ಟಿಹಾಕಿದ್ದು ಬೇರೆಯದೇ ಸಂಗತಿ ಎಂಬುದು ಇದರಿಂದ ಸ್ಪಷ್ಟ.

ಕರ್ನಾಟಕಕ್ಕೆ ಹೊಸದಲ್ಲ

ದೂರದಿಂದ ಕಲಿಸುವ ಪ್ರಯೋಗಗಳಲ್ಲಿ ಕರ್ನಾಟಕಕ್ಕೆ ಅರ್ಧ ಶತಮಾನದ ಅನುಭವವಿದೆ. ಅಮೆರಿಕದ ನಾಸಾ ಸಂಸ್ಥೆಯಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೊ 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ 'ಸೈಟ್' ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೀವಿ ಪೆಟ್ಟಿಗೆಗಳನ್ನು ಇರಿಸಲಾಯಿತು. ರಾಜ್ಯದಿಂದ ಆಗಿನ ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ಕೃಷಿ, ಆರೋಗ್ಯ ಕಾರ್ಯಕ್ರಮಗಳ ಜತೆಗೆ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಇದರ ಮೂಲಕ ನೀಡಲಾಯಿತು. ಟೀವಿಯಿಂದ ಪ್ರಶ್ನೆ ಕೇಳುವಂತಿರಲಿಲ್ಲ. ಮಾತು ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು.

ಆ ಕೊರತೆಯನ್ನು ತುಂಬಲು ಮುಂದೆ ಬಂದ ವ್ಯವಸ್ಥೆ 'ಒಮ್ಮುಖ ದೃಶ್ಯ, ಇಮ್ಮುಖ ಧ್ವನಿ'. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಸ್ಯಾಟ್‌ಕಾಮ್ ಎಂದು ಕರೆಯಲಾಗುವ ಈ ಉಪಗ್ರಹ ವ್ಯವಸ್ಥೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ನೀಡುತ್ತ ಬಂದಿತು. ಸ್ಟುಡಿಯೊದಲ್ಲಿ ಸಂಪನ್ಮೂಲ ವ್ಯಕ್ತಿಗಳು, ತಾಲ್ಲೂಕು ಕೇಂದ್ರಗಳಲ್ಲಿ ಸದಸ್ಯರು; ಪ್ರಶ್ನೆಗಳು ದೂರವಾಣಿಯಲ್ಲಿ. ತಾಲ್ಲೂಕು ಕೇಂದ್ರದಲ್ಲೂ ಒಬ್ಬರು ನಿಂತು ಚರ್ಚೆ ನಡೆಸಬೇಕು ಎಂಬುದೇ ಇದರ ತಿರುಳು. ಮೊದಲ ಬಾರಿಗೆ ಆಯ್ಕೆಯಾದ ಸದಸ್ಯೆಯೊಬ್ಬರು ಉಪಗ್ರಹದ ಮೂಲಕ ಇಡೀ ರಾಜ್ಯ ಕೇಳುವಂತೆ ಪ್ರಶ್ನೆ ಹಾಕಲು ಹಿಂಜರಿಯಬಹುದು, ಪಕ್ಕದಲ್ಲಿ ನಿಂತವರನ್ನು ಕೇಳಲು ಅಷ್ಟು ಹಿಂಜರಿಯಲಾರರು.

ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು 2006ರಲ್ಲಿ ಆರಂಭಿಸಿದ 'ಡಿಜಿಟಲ್ ಗ್ರೀನ್' ಕೂಡ ಇದೇ ಪಾಠ ಹೇಳುತ್ತದೆ. ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜತೆಗೂಡಿ ರಾಜ್ಯದ ಹಳ್ಳಿಗಳಲ್ಲಿ ರೈತರನ್ನೇ ಚಿತ್ರೀಕರಿಸಿ ರೈತರಿಗೇ ತೋರಿಸಲಾಯಿತು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪರೀಕ್ಷೆಯಲ್ಲಿ, ಸಾಂಪ್ರದಾಯಿಕ ಕೃಷಿ ವಿಸ್ತರಣಾ ವಿಧಾನಕ್ಕೆ ಹೋಲಿಸಿದರೆ ಕೆಲವು ಪದ್ಧತಿಗಳನ್ನು ಅಳವಡಿಸಿಕೊಂಡವರ ಸಂಖ್ಯೆ ಏಳು ಪಟ್ಟಾಯಿತು ಎಂದು ಸಂಶೋಧಕರು ವರದಿ ಮಾಡಿದರು. ವಿಡಿಯೊದ ಮಹಿಮೆ ಎಂದು ಇದನ್ನು ಬಣ್ಣಿಸುವುದುಂಟು. ಆದರೆ ಪ್ರದರ್ಶನದ ವೇಳೆ ಊರಿನವರೇ ಆದ ಒಬ್ಬರು ಅಲ್ಪ ಗೌರವಧನಕ್ಕೆ ನಿಂತು, ಚಿತ್ರವನ್ನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ. ಅದೇ ಕೇಂದ್ರದಲ್ಲಿದ್ದ, ಆ ಅಧ್ಯಯನದ ಸಹಲೇಖಕರೂ ಆದ ಕೆಂಟಾರೊ ಟೊಯಾಮಾ ಮುಂದೆ ಈ ವಾದವನ್ನೇ ಬೆಳೆಸಿದರು: ತಂತ್ರಜ್ಞಾನ ಇರುವ ಶಕ್ತಿಯನ್ನು ಹಿಗ್ಗಿಸಬಲ್ಲದು, ಇಲ್ಲದ್ದನ್ನು ಸೃಷ್ಟಿಸಲಾರದು.

ನಿಮ್ಹಾನ್ಸ್ ದಾರಿ

ಬೆಂಗಳೂರಿನ ನಿಮ್ಹಾನ್ಸ್ ಎಕೊ ವಿಧಾನವನ್ನು ಕೈಗೆತ್ತಿಕೊಂಡಿದ್ದು 2014ರಲ್ಲಿ. ಕಾರಣ ಸ್ಪಷ್ಟವಿತ್ತು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕಾಯಿಲೆಯ ಸ್ವರೂಪಕ್ಕೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗಿದ್ದುದು ಕಂಡುಬಂತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ನೀಡುವ ಯೋಚನೆ ಸಂಸ್ಥೆಗೆ ಹೊಸದಾಗಿರಲಿಲ್ಲ. 1980ರ ದಶಕದಲ್ಲಿ ರೂಪುಗೊಂಡ 'ಬಳ್ಳಾರಿ ಮಾದರಿ'ಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. ಆದರೆ ಇಂಥ ತರಬೇತಿಗೊಂದು ಹಳೆಯ ಕಾಯಿಲೆಯಿದೆ: ಶಿಬಿರ ಮುಗಿಸಿ ಹಿಂದಿರುಗಿದ ವೈದ್ಯರಿಗೆ ಮೊದಲ ಕಠಿಣ ರೋಗಿ ಎದುರಾದಾಗ ಕೇಳಲು ಯಾರೂ ಇರುವುದಿಲ್ಲ.

ಬಿಹಾರ, ಛತ್ತೀಸಗಢಗಳ ವೈದ್ಯರು ಮತ್ತು ಆಪ್ತ ಸಮಾಲೋಚಕರಿಗಾಗಿ ನಿಮ್ಹಾನ್ಸ್ ಹಿಡಿದದ್ದು ಮಿಶ್ರ ದಾರಿ. ಮೊದಲು ಮುಖಾಮುಖಿ ತರಬೇತಿ, ಆಮೇಲೆ ತಿಂಗಳುಗಟ್ಟಲೆ ಪರದೆಯ ಮೇಲೆ ಪ್ರಕರಣಗಳ ಚರ್ಚೆ. ಸ್ಮಾರ್ಟ್‌ಫೋನ್ ಇದ್ದರೆ ಸಾಕು. ಒಮ್ಮೆ ಎದುರುಬದುರು ಕುಳಿತು ಊಟ ಮಾಡಿದವರು ಪರದೆಯ ಮೇಲೆ "ನನಗೆ ಇದು ಗೊತ್ತಿಲ್ಲ" ಎನ್ನಲು ಹೆದರುವುದು ಕಡಿಮೆ. 2018ರಲ್ಲಿ ಸಂಸ್ಥೆಯ ಡಿಜಿಟಲ್ ಅಕಾಡೆಮಿಯೂ ಆರಂಭವಾಯಿತು.

ಮಿತಿಗಳೂ ಕಡಿಮೆಯೇನಲ್ಲ. ಹೆರಿಗೆ ಮಾಡಿಸುವುದು, ಹೊಲಿಗೆ ಹಾಕುವುದು ಮೊದಲಾದ ಕೈಕೆಲಸಗಳು ಪರದೆಯಿಂದ ಬರುವುದಿಲ್ಲ. ಇಂಥ ಕಾರ್ಯಕ್ರಮಗಳ ಮೌಲ್ಯಮಾಪನಗಳಲ್ಲಿ ಬಹುಪಾಲು ಕಲಿತವರ ತಿಳಿವಳಿಕೆ ಮತ್ತು ಆತ್ಮವಿಶ್ವಾಸವನ್ನು ಅಳೆಯುತ್ತವೆಯೇ ಹೊರತು ರೋಗಿ ಗುಣವಾದನೇ ಎಂಬುದನ್ನು ಅಳೆಯುವುದು ವಿರಳ. ಪರದೆಯೇ ಎಲ್ಲರ ಕೈಯಲ್ಲಿಲ್ಲ ಎಂಬುದೂ ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ ಮಹಿಳೆಯರು ಶೇ 33.3 ಮಾತ್ರ, ಪುರುಷರು ಶೇ 57.1. ಹಳ್ಳಿಗಳಲ್ಲಿ ಸೇವಾ ಸಂಸ್ಥೆಗಳ ಕೆಲಸವನ್ನು ಹೊತ್ತವರಲ್ಲಿ ಮಹಿಳೆಯರೇ ಹೆಚ್ಚು ಎಂಬುದನ್ನು ನೆನೆದರೆ ಈ ಅಂತರದ ತೂಕ ತಿಳಿದೀತು.

ಖರ್ಚಿನ ಲೆಕ್ಕ

2020ರ ಮಾರ್ಚ್ ನಂತರ ಕೋವಿಡ್ ಎಲ್ಲರನ್ನೂ ಒಂದೇ ಏಟಿಗೆ ಪರದೆಯ ಮುಂದೆ ಕೂರಿಸಿತು. ಪ್ರಯಾಣ, ವಸತಿ, ಸಭಾಂಗಣಗಳ ವೆಚ್ಚ ಉಳಿದುದನ್ನು ಕಂಡ ಸಂಸ್ಥೆಗಳು ಹಳೆಯ ಐದು ದಿನದ ಶಿಬಿರವನ್ನೇ ಎತ್ತಿ ಐದು ದಿನದ ವೆಬಿನಾರ್ ಮಾಡಿದವು. ಮೂವತ್ತು ಮಂದಿಯ ಜಾಗದಲ್ಲಿ ಮುನ್ನೂರು ಮಂದಿ ಸೇರಿದರು, ವರದಿಯಲ್ಲಿ ಹಾಜರಾತಿ ಹತ್ತು ಪಟ್ಟಾಯಿತು. ದಾನಿಗಳಿಗೆ ತೋರಿಸಲು ಇದು ಸೊಗಸಾದ ಅಂಕಿ. ಆದರೆ ಮುನ್ನೂರು ಮಂದಿಯಲ್ಲಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬಲ್ಲ ಸುಗಮಕಾರ ಇಲ್ಲ.

2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಅದೇ ವರ್ಷದ ಜುಲೈ 1ರಂದು ಯುಎಸ್‌ಏಡ್ ತನ್ನ ನೆರವು ಕಾರ್ಯಕ್ರಮಗಳನ್ನು ನಿಲ್ಲಿಸಿತು. ಹಣದ ಮೂಲ ಬತ್ತಿದಾಗ ಮೊದಲು ಕತ್ತರಿ ಬೀಳುವುದು ಪ್ರಯಾಣ ಮತ್ತು ಮುಖಾಮುಖಿ ತರಬೇತಿಗಳಿಗೆ. ಹಾಗಾಗಿ ಪರದೆಯ ಮೇಲಿನ ಕಲಿಕೆ ಇನ್ನಷ್ಟು ಹೆಚ್ಚುವ ಸಾಧ್ಯತೆಯೇ ಅಧಿಕ. ಅದರ ಲೆಕ್ಕಪತ್ರದಲ್ಲಿ ಸಾಫ್ಟ್‌ವೇರ್‌ಗೊಂದು ಸಾಲು ಸಿಗುವುದು ಸುಲಭ, ಏಕೆಂದರೆ ಅದಕ್ಕೆ ರಸೀದಿ ಇದೆ. ವಾರದ ಮೊದಲೇ ಹತ್ತು ಊರುಗಳಿಗೆ ಫೋನ್ ಮಾಡಿ, ಈ ಬಾರಿ ಪ್ರಕರಣ ಯಾರು ತರುತ್ತೀರಿ ಎಂದು ಕೇಳುವ ವ್ಯಕ್ತಿಯ ಸಂಬಳಕ್ಕೆ ಅಂಥ ಸಾಲನ್ನು ಸಂಸ್ಥೆಗಳು ಇನ್ನೂ ಹುಡುಕಬೇಕಾಗಿದೆ.